ಆಚೆ ದಡದ ಬಾವಿ

ನಿಮ್ಮ ಊರು ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಣ್ಣಗೆ ಸಿಟ್ಟು ಬರುತ್ತದೆ. ಹೇಳಿದರೆ ಗೊತ್ತಾಗುವುದಿಲ್ಲ, ಹೇಳದಿದ್ದರೆ ಬಿಡುವುದಿಲ್ಲ. ಕಾಪುವಿನ ಹತ್ತಿರ ಎಂದರೆ "ಓ, ಲೈಟ್‌ಹೌಸ್" ಎನ್ನುತ್ತಾರೆ. ಲೈಟ್‌ಹೌಸ್ ನಮ್ಮ ಮನೆಯಿಂದ ಕಾಣುವುದೂ ಇಲ್ಲ. ಇನ್ನಂಜೆಯ ಕಡೆ ಎಂದರೆ "ಓ, ರೈಲ್ವೆ ಸ್ಟೇಷನ್" ಎನ್ನುತ್ತಾರೆ. ರೈಲು ಬಂದದ್ದು ಮೊನ್ನೆ ಮೊನ್ನೆ. ಅದಕ್ಕಿಂತ ಮೊದಲು ಅಲ್ಲಿ ಮನುಷ್ಯರು ಇರಲಿಲ್ಲವೇ? ಕಡಲಿಗೂ ರೈಲಿಗೂ ನಡುವೆ ಒಂದು ತೋಡು ಉಂಟು. ಅದರ ಎರಡು ದಡಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಅದೇ ನಮ್ಮ ಊರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಹೋಂಸ್ಟೇ ಕಟ್ಟಲು ಜಾಗ ನೋಡಲಿಕ್ಕೆ ಬರುತ್ತಾರೆ.

ತೋಡು ಹುಟ್ಟುವುದು ಮೂಡಣದ ಮುರಕಲ್ಲು ಗುಡ್ಡಗಳ ಬುಡದಲ್ಲಿ. ಅಲ್ಲಿಂದ ಬೈಲುಗದ್ದೆಗಳ ನೀರನ್ನೆಲ್ಲ ಸೇರಿಸಿಕೊಂಡು, ಎರಡು ಕಡೆ ಕಾರಣವಿಲ್ಲದೆ ಬಳುಕಿ, ರೈಲಿನ ದಿಣ್ಣೆಯ ಕೆಳಗಿನ ಮೋರಿಯಲ್ಲಿ ನುಸುಳಿ, ನಮ್ಮ ಮನೆಯ ಎದುರು ಬರುವಾಗ ಅಗಲವಾಗುತ್ತದೆ. ಆಮೇಲೆ ಪಡುವಣಕ್ಕೆ ಹೋಗಿ ಹೊಳೆ ಸೇರುತ್ತದೆ. ಕಡಲು ಏರುವಾಗ ಉಪ್ಪುನೀರು ಹೊಳೆಗೆ ನುಗ್ಗಿ, ಹೊಳೆಯಿಂದ ನಮ್ಮ ತೋಡಿಗೆ ಹತ್ತುತ್ತದೆ. ಇಳಿಯುವಾಗ ಅದೇ ದಾರಿಯಲ್ಲಿ ವಾಪಸು ಹೋಗುತ್ತದೆ. ಮಳೆಗಾಲದಲ್ಲಿ ಮೇಲಿನ ನೀರಿಗೆ ಜೋರು ಹೆಚ್ಚು, ಉಪ್ಪಿನ ಆಟ ನಡೆಯುವುದಿಲ್ಲ. ದೀಪಾವಳಿ ಕಳೆದು ಮೇಲಿನ ನೀರು ಸಣ್ಣದಾದ ಕೂಡಲೇ ಕಡಲು ನಮ್ಮ ಗದ್ದೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ನಮ್ಮ ಊರಿನ ಚರಿತ್ರೆ ಎಂದರೆ ಇಷ್ಟೇ: ಸಿಹಿ ಎಲ್ಲಿಯವರೆಗೆ, ಉಪ್ಪು ಎಲ್ಲಿಯವರೆಗೆ ಎಂಬ ವರ್ಷವರ್ಷದ ಜಗಳ. ರಾಜರು ಬಂದರು ಹೋದರು ಎಂದು ಶಾಲೆಯ ಪುಸ್ತಕದಲ್ಲಿತ್ತು. ಯಾರೂ ನಮ್ಮ ತೋಡಿನ ತನಕ ಬಂದ ಹಾಗೆ ಕಾಣೆ.

ಈಚೆ ದಡದಲ್ಲಿ ನಾವು, ತುಳು ಮಾತಾಡುವ ಗದ್ದೆಯವರು. ಆಚೆ ದಡದಲ್ಲಿ ಬ್ಯಾರಿ ಮುಸ್ಲಿಮರು. ಅವರ ಹಿರಿಯರು ತೆಂಗಿನಕಾಯಿ, ಒಣಮೀನು, ಅಕ್ಕಿಯ ವ್ಯಾಪಾರದವರು. ಅಜ್ಜಿಯ ಕಾಲದಲ್ಲಿ ಅವರ ದೋಣಿಗಳು ಹೊಳೆಯಿಂದ ಮೇಲೆ ನಮ್ಮ ಮನೆಯ ಮೆಟ್ಟಿಲಿನವರೆಗೂ ಬರುತ್ತಿದ್ದವಂತೆ. ನಮ್ಮ ಕಾಯಿ ಅವರ ದೋಣಿಯಲ್ಲಿ, ಅವರ ಮೀನು ನಮ್ಮ ಅಡಿಗೆಮನೆಯಲ್ಲಿ. ನಮ್ಮ ಮನೆ ಹೆಣ್ಣುಮಕ್ಕಳಿಗೆ ಬರುವ ಮನೆ. ಆಚೆಯ ಕೆಲವು ಮನೆಗಳಲ್ಲಿಯೂ ಆಗ ಅಳಿಯನೇ ಹೆಂಡತಿಯ ಮನೆಗೆ ಬರುವ ವಾಡಿಕೆ ಇತ್ತು. ಹಾಗಾಗಿ ಎರಡೂ ದಡದಲ್ಲಿ ಹೆಂಗಸರು ಹುಟ್ಟಿದಲ್ಲೇ ಬೇರುಬಿಟ್ಟವರು, ಗಂಡಸರು ಬಂದು ಸೇರಿದವರು. ಅದಕ್ಕೇ ನಮ್ಮ ಊರಿನಲ್ಲಿ ಹೆಂಗಸರ ಧ್ವನಿ ಸ್ವಲ್ಪ ದೊಡ್ಡದು.

ಈ ಎರಡು ದಡಗಳನ್ನು ವರ್ಷಕ್ಕೊಮ್ಮೆ ಸೇರಿಸುತ್ತಿದ್ದದ್ದು ಕಟ್ಟ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲ ಬೆಳೆ ಕೊಯ್ದಾದ ಮೇಲೆ ತೋಡಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕುತ್ತಿದ್ದರು. ಗೂಟ ಹೊಡೆದು, ತೆಂಗಿನ ಮಡಲು ಹೆಣೆದು, ಸೊಪ್ಪು ತುಂಬಿ, ಮೇಲಿಂದ ಗದ್ದೆಯ ಅಂಟುಮಣ್ಣು ಮೆತ್ತುವುದು. ಕೆಳಗಿನ ಉಪ್ಪು ಕೆಳಗೆ, ಮೇಲಿನ ಸಿಹಿ ಮೇಲೆ. ಕಟ್ಟದ ಹಿಂದೆ ನಿಂತ ನೀರಿನಿಂದ ಎರಡನೆಯದಾದ ಸುಗ್ಗಿ ಬೆಳೆ ಆಗುತ್ತಿತ್ತು, ಬಾವಿಗಳು ಮೇ ತಿಂಗಳವರೆಗೂ ಸಿಹಿಯಾಗಿ ಇರುತ್ತಿದ್ದವು. ಮೊದಲ ಮಳೆ ಬಿದ್ದ ದಿನ ಕಡಿದುಬಿಡುವುದು. ಮತ್ತೆ ಮುಂದಿನ ವರ್ಷ ಮೊದಲಿನಿಂದ.

ಕಟ್ಟದ ಕೆಲಸ ನಡೆಯುತ್ತಿದ್ದದ್ದು ಬೈಗುಳದಲ್ಲಿ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಸೊಂಟದವರೆಗೆ ಕೆಸರಿನಲ್ಲಿ ನಿಂತ ಮನುಷ್ಯ "ದಯವಿಟ್ಟು ಆ ಮಡಲು ಕೊಡುತ್ತೀರಾ" ಎಂದು ಕೇಳುವುದಿಲ್ಲ. ಈಚೆಯವರು ಆಚೆಯವರ ಅಜ್ಜಂದಿರನ್ನು ನೆನೆಯುತ್ತಿದ್ದರು, ಆಚೆಯವರು ಈಚೆಯವರ ಬುದ್ಧಿಗೆ ಬೆಲೆ ಕಟ್ಟುತ್ತಿದ್ದರು, ಎರಡೂ ಕಡೆಯವರು ಸೇರಿ ಮಧ್ಯಾಹ್ನ ಒಂದೇ ಮರದ ಕೆಳಗೆ ಗಂಜಿ ಕುಡಿಯುತ್ತಿದ್ದರು. ಯಾರೂ ಮನಸ್ಸಿಗೆ ತೆಗೆದುಕೊಂಡದ್ದಿಲ್ಲ. ಕೊನೆಗೆ ನಡುವಿನಲ್ಲಿ ಒಂದು ಸಣ್ಣ ಕಂಡಿ ಉಳಿಯುತ್ತಿತ್ತು, ಅದು ಕಟ್ಟದ ಬಾಯಿ. ಬಾಯಿ ಮುಚ್ಚುವುದಕ್ಕೆ ಎರಡು ನಿಯಮ. ಒಂದು, ಕಡಲು ಪೂರ್ತಿ ಇಳಿದಿರಬೇಕು. ಉಪ್ಪೆಲ್ಲ ಹೊರಗೆ ಹೋಗಿ ಮೇಲಿನ ನೀರು ಮಾತ್ರ ಹರಿಯುವ ಹೊತ್ತು ಅದು, ಸ್ವಲ್ಪವೇ ಇರುತ್ತದೆ. ಎರಡು, ಕೊನೆಯ ಬುಟ್ಟಿ ಮಣ್ಣು ಎರಡೂ ದಡದಿಂದ ಒಟ್ಟಿಗೆ ಬೀಳಬೇಕು. ಒಂದು ದಡದವರೇ ಬಾಯಿ ಮುಚ್ಚಿದ ಕಟ್ಟ ನಿಲ್ಲುವುದಿಲ್ಲ ಎಂದು ಹಿರಿಯರ ನಂಬಿಕೆ.

ನನ್ನ ಗೆಳತಿ ಆಚೆ ದಡದವಳು. ಅವಳ ಮನೆ ನಮ್ಮ ಮನೆಗೆ ಸರಿಯಾಗಿ ಎದುರು, ತಗ್ಗಿನಲ್ಲಿ, ತೋಡಿಗೆ ಅಂಟಿಕೊಂಡೇ ಇತ್ತು. ನಾವಿಬ್ಬರೂ ಒಂದೇ ವರ್ಷದಲ್ಲಿ ಹುಟ್ಟಿದವರು, ಒಂದೇ ಕನ್ನಡ ಶಾಲೆಗೆ ಹೋದವರು. ಮಳೆಗಾಲವಿಡೀ ಅವಳು ಮೇಲೆ ತೋಡು ದಾಟುವ ಕಾಲುಸಂಕದವರೆಗೆ ಸುತ್ತಿ ಶಾಲೆಗೆ ಬರಬೇಕಿತ್ತು. ಶಾಲೆ ಬಿಟ್ಟ ಮೇಲೆ ನಾವು ದಡದಲ್ಲಿ ನಿಂತು ಕೂಗಿ ಮಾತಾಡುತ್ತಿದ್ದೆವು. ಅರ್ಧ ಕೇಳುತ್ತಿತ್ತು, ಉಳಿದರ್ಧಕ್ಕೆ ನಾವೇ ಅರ್ಥ ಹಚ್ಚಿಕೊಳ್ಳುತ್ತಿದ್ದೆವು. ಕಟ್ಟ ಎದ್ದ ದಿನ ನಮಗೆ ಹಬ್ಬ. ಅಂಟುಮಣ್ಣು ಒಣಗುವ ಮೊದಲೇ ನಾನು ಓಡಿಹೋಗಿ ಅವಳ ಅಂಗಳದಲ್ಲಿ ಇರುತ್ತಿದ್ದೆ. ಅವಳ ತಾಯಿಯನ್ನು ನಾನೂ ಉಮ್ಮ ಎಂದೇ ಕರೆಯುತ್ತಿದ್ದೆ. ಉಮ್ಮ ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಚೊಂಬಿನಲ್ಲಿ ಕೊಟ್ಟು, "ಮೊದಲು ಕುಡಿ, ಆಮೇಲೆ ಹಾರು" ಎನ್ನುತ್ತಿದ್ದಳು. ಆಮೇಲೆ ನಾವಿಬ್ಬರೂ ಕಟ್ಟದ ಕೆಳಗಿನ ಕೆಸರಿಗೆ ಇಳಿದು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವುದು. ಕಾಲಿನ ಬೆರಳಿಗೆ ಚಿಪ್ಪು ತಾಗಿದ ಕೂಡಲೇ ಬಗ್ಗಿ ತೆಗೆಯಬೇಕು. ಅವಳ ಕಾಲಿಗೆ ಸಿಗುವಷ್ಟು ನನ್ನ ಕಾಲಿಗೆ ಸಿಗುತ್ತಿರಲಿಲ್ಲ. ಅದಕ್ಕೆ ನಾನು ದಿನವೂ ಜಗಳ ತೆಗೆಯುತ್ತಿದ್ದೆ, ಅವಳು ದಿನವೂ ತನ್ನದರಲ್ಲಿ ಅರ್ಧ ಕೊಡುತ್ತಿದ್ದಳು.

ನನ್ನನ್ನು ಕಾರ್ಕಳಕ್ಕೆ ಮದುವೆ ಮಾಡಿಕೊಟ್ಟರು. ಹೆಣ್ಣಿನ ಮನೆ ಎಂಬುದೆಲ್ಲ ಅಷ್ಟು ಹೊತ್ತಿಗೆ ಮಾತಿಗೆ ಮಾತ್ರ ಉಳಿದಿತ್ತು. ಕಾರ್ಕಳದವರಿಗೆ ಕಲ್ಲು ಗೊತ್ತು, ಉಪ್ಪು ಗೊತ್ತಿಲ್ಲ. ಬಂಡೆಯ ಮೇಲೆ ಕುಳಿತ ಊರು. ನೀರು ತಣ್ಣಗೆ, ತಿಳಿಯಾಗಿ ಬರುತ್ತದೆ, ಯಾರೂ ಅದಕ್ಕಾಗಿ ಬೈದಾಡಬೇಕಾಗಿಲ್ಲ. ಆಮೇಲೆ ಮಣಿಪಾಲದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಸಿಕ್ಕಿತು. ನನ್ನ ಗಂಟಲಿಗೆ ತಕ್ಕ ಕೆಲಸ. ದೇಶದ ಮೂಲೆ ಮೂಲೆಯ ಹುಡುಗಿಯರು ನನ್ನ ಬೈಗುಳ ತಿಂದು ಡಾಕ್ಟರಾಗಿ ಹೋದರು. ಆದರೆ ನಿಜ ಹೇಳುತ್ತೇನೆ, ಆ ಎಲ್ಲ ವರ್ಷಗಳಲ್ಲಿ ನವೆಂಬರ್ ಬಂದಾಗ ನನಗೆ ತಡೆಯಲಾಗದ ಸಂಕಟ. ಮಣಿಪಾಲದ ಗುಡ್ಡದ ಮೇಲೆ ನಿಂತರೆ ಪಡುವಣದಲ್ಲಿ ಕಡಲಿನ ಗೆರೆ ಕಾಣುತ್ತದೆ. ಆ ಗೆರೆಯ ಈಚೆ, ಎಡಕ್ಕೆ, ಎಲ್ಲೋ ತೆಂಗಿನ ನಡುವೆ ಈಗ ಗೂಟ ಹೊಡೆಯುತ್ತಿರಬಹುದು, ಯಾರೋ ಯಾರನ್ನೋ ಬೈಯುತ್ತಿರಬಹುದು ಎಂದು ನಿಂತಲ್ಲೇ ಯೋಚಿಸುತ್ತಿದ್ದೆ. ಊರಿನಲ್ಲಿ ಬಿಟ್ಟುಬಂದದ್ದು ಏನು ಎಂದು ಯಾರಾದರೂ ಕೇಳಿದ್ದರೆ ಕೆಸರು ಎನ್ನುತ್ತಿದ್ದೆ, ಅವರು ನಗುತ್ತಿದ್ದರು.

ಅಷ್ಟರಲ್ಲಿ ಕಟ್ಟವೇ ನಿಂತುಹೋಗಿತ್ತು. ತೋಡು ಹೊಳೆ ಸೇರುವಲ್ಲಿ ಕಿಂಡಿ ಅಣೆಕಟ್ಟು ಬಂತು. ಕಾಂಕ್ರೀಟಿನ ಕಂಬಗಳ ನಡುವೆ ಹಲಗೆ ಇಳಿಸಿದರೆ ಆಯಿತು, ಇನ್ನು ಮಣ್ಣು ಹೊರುವ ಕೆಲಸವಿಲ್ಲ ಎಂದು ಊರೇ ಸಂತೋಷಪಟ್ಟಿತು. ಒಂದಷ್ಟು ವರ್ಷ ಹಲಗೆ ಇಳಿಸಿದರು. ಆಮೇಲೆ ಹಲಗೆ ಕೊಳೆಯಿತು. ಹೊಸತು ಹಾಕುವುದು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಸಿಗಲಿಲ್ಲ. ಸುಗ್ಗಿ ಬೆಳೆ ಬಿಟ್ಟವರು ಬಿಟ್ಟರು. ಡಾಮಾರು ರಸ್ತೆ, ಸೇತುವೆ ಬಂದ ಮೇಲೆ ಎಲ್ಲರ ಮನೆಯಲ್ಲೂ ಸ್ಕೂಟರ್. ಹಳೆಯ ಕಾಲುಸಂಕ ಕೊಚ್ಚಿಹೋಗಿತ್ತು, ಆಚೆ ದಡಕ್ಕೆ ಹೋಗಬೇಕಾದರೆ ಹೆದ್ದಾರಿಯ ಸೇತುವೆಯವರೆಗೆ ಹೋಗಿ ಸುತ್ತಿ ಬರಬೇಕು. ಅಷ್ಟು ಸುತ್ತುವುದಕ್ಕೆ ಕಾರಣ ಬೇಕು. ಮದುವೆಗೆ, ಸಾವಿಗೆ ಹೋಗುತ್ತಿದ್ದರು. ಸುಮ್ಮನೆ ಹೋಗುವುದು ನಿಂತಿತು. ಪೇಟೆಯಲ್ಲಿ ಕಂಡರೆ "ಚೆನ್ನಾಗಿದ್ದೀರಾ" ಎಂದು ಕೇಳುವಷ್ಟು ಮರ್ಯಾದೆ ಬೆಳೆಯಿತು. ಕಾಲವೂ ಹಾಗೆಯೇ ಇತ್ತು, ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕೈದು ವರ್ಷಗಳ ಹಿಂದೆ ಕೆಲಸದಿಂದ ನಿವೃತ್ತಳಾಗಿ ನಾನು ತಾಯಿಯ ಮನೆಗೆ ಬಂದೆ. ಗಂಡನನ್ನೂ ಕರೆದುಕೊಂಡು ಬಂದೆ. ಹಳೆಯ ಕ್ರಮದಂತೆ ಅಳಿಯ ಕೊನೆಗೂ ಮನೆಗೆ ಬಂದ ಹಾಗಾಯಿತು ಎಂದು ನಾನು ಅವರನ್ನು ಈಗಲೂ ತಮಾಷೆ ಮಾಡುತ್ತೇನೆ. ಬಂದ ಮರುದಿನ ಬೆಳಿಗ್ಗೆ ಮೆಟ್ಟಿಲಿನಲ್ಲಿ ನಿಂತು ಕೂಗಿದೆ. ಆಚೆ ದಡದಲ್ಲಿ ತಲೆಗೆ ಬಟ್ಟೆ ಹೊದ್ದ ಒಬ್ಬ ಹೆಂಗಸು ಬಟ್ಟೆ ಒಣಗಿಸುತ್ತಿದ್ದವಳು ತಿರುಗಿದಳು. ನಡುವೆ ಉಪ್ಪುನೀರು ಸುಮ್ಮನೆ ಮೇಲಕ್ಕೆ ಹೋಗುತ್ತಿತ್ತು. ಅವಳೂ ಕೂಗಿದಳು. ಮೊದಲಿನ ಹಾಗೆ ಅರ್ಧ ಮಾತ್ರ ಕೇಳಿಸಿತು. ನನಗೆ ಅಳು ಬಂತು.

ಅವಳ ಗಂಡ ಗಲ್ಫಿನಲ್ಲಿ ದುಡಿದು ಬಂದು ಇಲ್ಲಿಯೇ ತೀರಿಕೊಂಡಿದ್ದರು. ಮಗ ಈಗ ಅಲ್ಲಿದ್ದಾನೆ. ಮಗಳು ಕಾಪು ಪೇಟೆಯಲ್ಲಿ. ಇವಳು ಆ ಮನೆಯಲ್ಲಿ ತನ್ನ ಅಣ್ಣನ ಜೊತೆ ಇದ್ದಳು. ಅವನನ್ನು ಊರೆಲ್ಲ ಕಾಕ ಎಂದೇ ಕರೆಯುವುದು. ಸ್ಕೂಟರಿನಲ್ಲಿ ಗಂಡನ ಹಿಂದೆ ಕುಳಿತು ಸುತ್ತಿಕೊಂಡು ನಾನು ತಿಂಗಳಿಗೆ ಒಂದೆರಡು ಸಲ ಹೋಗಿ ಬರುತ್ತಿದ್ದೆ. ಸ್ಕೂಟರಿನಲ್ಲಿ ಹೋಗುವ ಭೇಟಿ ಭೇಟಿಯೇ ಅಲ್ಲ. ಸೀರೆ ಸರಿಮಾಡಿಕೊಂಡು, ಬಾಳೆಹಣ್ಣು ಹಿಡಿದುಕೊಂಡು, ಗಂಡನನ್ನು ಜಗಲಿಯಲ್ಲಿ ಕೂರಿಸಿ, ಗಡಿಯಾರ ನೋಡಿ ಮಾತಾಡುವುದು. ಮೊದಲಿನ ಹಾಗೆ ಮೀನು ಹೆಚ್ಚುತ್ತ ಹೆಚ್ಚುತ್ತ ಮಾತಾಡಿದ ಹಾಗೆ ಆಗುವುದಿಲ್ಲ.

ಹೋದ ವರ್ಷದ ಹಿಂದಿನ ಮಳೆಗಾಲದ ಕೊನೆಯಲ್ಲಿ ಅವಳು ಹೇಳಿದಳು, "ಮಕ್ಕಳು ಕಾಪುವಿಗೆ ಬಾ ಅಂತ ಒಂದೇ ಹಟ. ಈ ಮನೆ ಕೊಟ್ಟು ಅಲ್ಲಿ ಫ್ಲಾಟ್ ತಗೊಳ್ಳುವಾ ಅಂತ. ಇಲ್ಲಿ ಎಂತ ಉಂಟು ಹೇಳು. ಜನವರಿ ಬಂತು ಅಂದ್ರೆ ಬಾವಿ ನೀರು ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ."

ಅವಳು ಅಂದು ಕೊಟ್ಟ ಚಹಾದಲ್ಲಿ ಹಾಲಿರಲಿಲ್ಲ. ಉಪ್ಪುನೀರಿಗೆ ಹಾಲು ಒಡೆದು ಒಡೆದು ಅವಳು ಹಾಲು ಹಾಕುವುದನ್ನೇ ಬಿಟ್ಟಿದ್ದಳು. ಬೇಳೆ ಬೇಯಿಸುವುದಕ್ಕೆ ಕ್ಯಾನಿನ ನೀರು. ಉಮ್ಮ ಚೊಂಬಿನಲ್ಲಿ ಕೊಡುತ್ತಿದ್ದ ಅದೇ ಬಾವಿ.

ನಾನು ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಗಂಡನಿಗೆ ಹೆದರಿಕೆಯಾಯಿತು. ನಾನು ಸುಮ್ಮನಿದ್ದರೆ ಜ್ವರ ಎಂದೇ ಅವರ ಲೆಕ್ಕ. ಆ ದಾರಿಯಲ್ಲೇ ನಿಶ್ಚಯಿಸಿಬಿಟ್ಟೆ: ಕಟ್ಟ ಕಟ್ಟಿದರೆ ಬಾವಿ ಸಿಹಿಯಾಗುತ್ತದೆ, ಬಾವಿ ಸಿಹಿಯಾದರೆ ಅವಳು ಹೋಗುವುದಿಲ್ಲ. ಇಷ್ಟು ಸುಲಭದ ವಿಷಯ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಇಡೀ ಊರಿನ ಮೇಲೆ ಸಿಟ್ಟು ಬಂತು.

ನಮ್ಮ ದಡದಲ್ಲಿ ಈಗಲೂ ಗದ್ದೆ ಮಾಡುವವನು ದೊಡ್ಡಮ್ಮನ ಮಗ, ನನಗೆ ಅಣ್ಣ. ಅವನಿಗೆ ಹೇಳಿದಾಗ, "ನಿನಗೆ ರಿಟೈರ್ ಆಗಿ ಟೈಂ ಪಾಸ್ ಆಗುದಿಲ್ಲ, ಅಲ್ವಾ?" ಎಂದ. ನಾನು ಗಿಣಿಗೆ ಹೇಳಿದ ಹಾಗೆ ದಿನವೂ ಹೇಳಿದೆ. ಸುಗ್ಗಿ ಬೆಳೆಯ ಆಸೆ ಅವನಿಗೂ ಒಳಗೊಳಗೆ ಇತ್ತು. ಕೊನೆಗೆ ಒಪ್ಪಿದ. ಅವನು ಕಾಕನಿಗೆ ಫೋನ್ ಮಾಡಿದ. ಕಾಕ ಆಚೆಯ ಯುವಕರನ್ನು ಸೇರಿಸಿದ. ಮಡಲಿನ ಜೊತೆಗೆ ಮರಳು ತುಂಬಿದ ಚೀಲಗಳು, ಮಣ್ಣು ತರಲಿಕ್ಕೆ ಜೇಸಿಬಿ. ಅಣ್ಣ ಕ್ಯಾಲೆಂಡರ್ ನೋಡಿ ಅಷ್ಟಮಿಯ ದಿನ ಆರಿಸಿದ. ಅಷ್ಟಮಿಗೆ ಕಡಲಿನ ಏರಿಳಿತ ಕಡಿಮೆ, ಮಧ್ಯಾಹ್ನದ ಹೊತ್ತಿಗೆ ನೀರು ಪೂರ್ತಿ ಇಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಅದು ಶುಕ್ರವಾರ ಎಂಬುದನ್ನು ಮಾತ್ರ ಅವನು ನೋಡಲಿಲ್ಲ. ನೋಡಿದ ಕಾಕ ಹೇಳಲಿಲ್ಲ. ಅವರೇ ದಿನ ಇಟ್ಟಿದ್ದಾರೆ, ಇಷ್ಟು ವರ್ಷದ ಮೇಲೆ ಕರೆದಿದ್ದಾರೆ, ಆಗುವುದಿಲ್ಲ ಎಂದರೆ ಹೇಗೆ ಎಂದು ಸುಮ್ಮನಿದ್ದನಂತೆ.

ಕಟ್ಟ ಏಳುವುದನ್ನು ನಾನು ಮೆಟ್ಟಿಲಿನಲ್ಲಿ ಕುಳಿತು ನೋಡಿದೆ. ಚೆನ್ನಾಗಿಯೇ ಎದ್ದಿತು. ಆದರೆ ಏನೋ ಸರಿಯಿಲ್ಲ ಎಂದು ಅನ್ನಿಸುತ್ತಿತ್ತು, ಏನೆಂದು ಆಗ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಯಾರೂ ಬೈಯುತ್ತಿರಲಿಲ್ಲ. "ನೀವು ಹೇಳಿ", "ಇಲ್ಲ ಇಲ್ಲ, ನೀವೇ ಹೇಳಿ", "ಪರವಾಗಿಲ್ಲ", "ಥ್ಯಾಂಕ್ಸ್". ಹೊಸ ನೆಂಟರ ಮನೆಯ ಊಟದ ಹಾಗೆ.

ಹನ್ನೆರಡು ಗಂಟೆಯ ಹೊತ್ತಿಗೆ ಕಟ್ಟದ ಬಾಯಿ ಮಾತ್ರ ಉಳಿದಿತ್ತು, ನೀರು ಇಳಿದು ತಳದ ಕಲ್ಲು ಕಾಣುತ್ತಿತ್ತು. ಅದೇ ಹೊತ್ತು. ಆಗ ಆಚೆಯವರು ಕೈಕಾಲು ತೊಳೆದು ಜುಮ್ಮಾ ನಮಾಜಿಗೆ ಹೊರಟರು. "ನೀವು ಮುಚ್ಚಿಬಿಡಿ" ಎಂದ ಕಾಕ. "ಛೆ ಛೆ, ನೀವಿಲ್ಲದೆ ಹೇಗೆ, ಬನ್ನಿ, ಕಾಯುತ್ತೇವೆ" ಎಂದ ನಮ್ಮ ಅಣ್ಣ. ಕಾದರು. ಕಾದು ಹಸಿವಾಗಿ ಊಟಕ್ಕೆ ಹೋದರು. ಆಚೆಯವರು ಮಸೀದಿಯಿಂದ ಬಂದು ನೋಡಿದರೆ ಈಚೆ ದಡ ಖಾಲಿ. ಊಟದ ಹೊತ್ತಿಗೆ ಕರೆಯಬಾರದು ಎಂದು ಅವರು ಮರದ ಕೆಳಗೆ ಕುಳಿತರು. ಈಚೆಯವರು ಊಟ ಮಾಡಿ ಬಂದು ನೋಡಿದರೆ ಆಚೆಯವರು ಮರದ ಕೆಳಗೆ ಒರಗಿದ್ದಾರೆ. ಪಾಪ, ಬೆಳಗಿನಿಂದ ದಣಿದಿದ್ದಾರೆ, ಏಳಿಸಬಾರದು ಎಂದು ಇವರೂ ಕುಳಿತರು. ಅತಿವಿನಯ ಧೂರ್ತ ಲಕ್ಷಣ ಎನ್ನುತ್ತಾರೆ. ಇವರು ಧೂರ್ತರಲ್ಲ, ಬರೀ ಮಂಕುಗಳು. ಎಲ್ಲರೂ ಎದ್ದು, ಎರಡೂ ಕಡೆಯಿಂದ ಬುಟ್ಟಿ ಎತ್ತಿ, ಫೋಟೋ ತೆಗೆದು, ಬಾಯಿ ಮುಚ್ಚಿ, ಶರಬತ್ತು ಕುಡಿದಾಗ ಸಂಜೆಯ ಹತ್ತಿರವಾಗಿತ್ತು. ಬಾಯಿ ಮುಚ್ಚುವಾಗ ಒಂದು ಒಣ ಎಲೆ ಕೆಳಗಿನಿಂದ ಮೇಲಕ್ಕೆ ತೇಲಿಕೊಂಡು ಹೋದದ್ದನ್ನು ಅಣ್ಣ ನೋಡಿದ್ದನಂತೆ. ಕಾಕ ಬುಟ್ಟಿ ಹಿಡಿದು ನಿಂತಿರುವಾಗ ಹೇಳುವುದು ಹೇಗೆ ಎಂದು ಸುಮ್ಮನಾದನಂತೆ.

ಅವಳು ಅಂಗಳದಿಂದ ಇಳಿದು ಬಂದಳು. ಬಗ್ಗಿ, ಕಟ್ಟದ ಮೇಲ್ಬದಿಯ ನೀರಿಗೆ ಬೆರಳು ಅದ್ದಿ ನಾಲಗೆಗೆ ಇಟ್ಟಳು. ಆಮೇಲೆ ಅವಳ ಧ್ವನಿ ಕೇಳಿತು. ಅಷ್ಟು ದೊಡ್ಡ ಧ್ವನಿ ಅವಳಲ್ಲಿ ಉಂಟೆಂದು ನನಗೂ ಗೊತ್ತಿರಲಿಲ್ಲ.

"ಕಾಕ, ನಿನಗೆ ಕಣ್ಣು ಉಂಟಾ ಇಲ್ವಾ? ನೀರು ಯಾವ ಕಡೆ ಹೋಗ್ತದೆ ಅಂತ ನೋಡ್ಲಿಕ್ಕೂ ಆಚೆಯವರ ಪರ್ಮಿಶನ್ ಬೇಕಾ? ಇಡೀ ಕಡಲನ್ನು ಒಳಗೆ ಹಾಕಿ ಚಿಲಕ ಹಾಕಿದ್ದೀರಿ. ಇನ್ನು ನನ್ನ ಬಾವಿಯಲ್ಲಿ ಬಂಗುಡೆ ಹಿಡಿಯುದೊಂದು ಬಾಕಿ."

ಎಲ್ಲರೂ ಶರಬತ್ತಿನ ಲೋಟ ಹಿಡಿದು ನಿಂತರು. ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ. ಮೆಟ್ಟಿಲಿಳಿದು ಹೋಗಿ ನಮ್ಮ ಅಣ್ಣನಿಗೆ ಹಾಸ್ಟೆಲಿನ ಧ್ವನಿಯಲ್ಲಿ ನಾಲ್ಕು ಮಾತು ಬಿಟ್ಟೆ. ಅವನು ಕಾಕನ ಕಡೆಗೆ ತಿರುಗಿದ.

"ಶುಕ್ರವಾರ ಆಗದಿದ್ರೆ ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ದಿನ ಇಟ್ಟದ್ದು ಯಾರು? ಕ್ಯಾಲೆಂಡರಲ್ಲಿ ಶುಕ್ರವಾರ ಕಾಣುದಿಲ್ವಾ ನಿನಗೆ? ಮಂಡೆ ಸಮ ಉಂಟಾ?"

"ನನ್ನ ಮಂಡೆಗೆ ಎಂತ ಆಗಿದೆ? ನೀನು ಮರದಡಿ ಗೊರಕೆ ಹೊಡೀತಾ ಬಿದ್ದಿದ್ದೆ."

ನೀವು ಹೋಗಿ ನೀನು ಬಂದಿತ್ತು. ಒಂದು ಗಳಿಗೆಯಲ್ಲಿ ಇಬ್ಬರ ಅಜ್ಜಂದಿರೂ ಬಂದರು. ಯುವಕರು ಹೆದರಿ ಹಿಂದೆ ಸರಿದರು, ಅವರಿಗೇನು ಗೊತ್ತು ಪಾಪ. ನಾನೂ ಅವಳೂ ಎರಡು ದಡದಲ್ಲಿ ನಿಂತು ನಗಲು ಶುರು ಮಾಡಿದೆವು. ನಕ್ಕು ನಕ್ಕು ಅವಳು ಕೆಸರಿನಲ್ಲೇ ಕುಳಿತುಬಿಟ್ಟಳು. ಕೊನೆಗೆ ಬೈಯುತ್ತಿದ್ದ ಗಂಡಸರಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಕಡಲು ಇಳಿಯಲು ಶುರುವಾದ ಕೂಡಲೇ ಬಾಯಿ ಕಡಿದರು. ಒಳಗಿದ್ದ ಉಪ್ಪೆಲ್ಲ ಓಡಿತು. ಪೂರ್ತಿ ಇಳಿದ ಹೊತ್ತಿಗೆ ಕಾಕ ಯಾರನ್ನೂ ಕೇಳದೆ, "ಈಗ ಹಾಕಿ, ಮುಖ ನೋಡ್ತಾ ನಿಂತವನನ್ನೂ ಸೇರಿಸಿ ಹಾಕಿ" ಎಂದು ಕೂಗಿದ. ಆಚೆಯ ಬುಟ್ಟಿಯನ್ನು ತಂಗಿಯ ತಲೆಗೇ ಇಟ್ಟ. ಅದನ್ನು ನೋಡಿ ಅಣ್ಣ ಈಚೆಯದನ್ನು ನನಗೆ ಕೊಟ್ಟ. ಮಂಡಿನೋವು ಮರೆತು ಹೋದೆ. ಇಬ್ಬರೂ ಒಟ್ಟಿಗೆ ಸುರಿದೆವು. ಅವಳ ಕೈಯ ಕೆಸರು ನನ್ನ ಕೆನ್ನೆಗೆ ಹಾರಿತು. ನಾನು ಒರೆಸಿಕೊಳ್ಳಲಿಲ್ಲ.

ಆಮೇಲಿನ ತಿಂಗಳುಗಳ ಬಗ್ಗೆ ಏನೆಂದು ಬರೆಯಲಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಉಂಟು. ನಾನು ಊರಿಗೆ ಬಂದು ಮೂರು ವರ್ಷವಾಗಿದ್ದರೂ ನೀರಿಗೆ ಬಂದದ್ದು ಆ ವರ್ಷವೇ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತಲೇ ಕಟ್ಟದ ಮೇಲೆ ನಡೆದರೆ ಅವಳ ಅಡಿಗೆಮನೆ. ಬಾಳೆಹಣ್ಣು ಬೇಡ, ಸೀರೆ ಬದಲಾಯಿಸುವುದು ಬೇಡ. ಅವಳು ಅಕ್ಕಿಯ ಪತ್ತಿರ್ ರೊಟ್ಟಿ ತಟ್ಟುತ್ತಿದ್ದರೆ ನಾನು ಕಾಯಿ ತುರಿದುಕೊಡುತ್ತಿದ್ದೆ. ಏನೂ ಮಾತಿಲ್ಲದೆ ಕುಳಿತ ದಿನವೂ ಇತ್ತು. ನಮ್ಮ ಅಣ್ಣನ ಗದ್ದೆಯಲ್ಲಿ ಸುಗ್ಗಿಯ ಭತ್ತದ ನೇಜಿ ಹಸಿರಾಗಿ ಎದ್ದಿತು. ನನ್ನ ಗಂಡನೂ ಕಾಕನ ಜೊತೆ ಜಗಲಿಯಲ್ಲಿ ಕುಳಿತು ಉಪ್ಪಿನ ಬಗ್ಗೆ ಕಾರ್ಕಳದ ಅಭಿಪ್ರಾಯ ಹೇಳುವಷ್ಟು ಧೈರ್ಯ ಬೆಳೆಸಿಕೊಂಡರು.

ಬಾವಿ ಒಂದೇ ದಿನದಲ್ಲಿ ಸಿಹಿಯಾಗಲಿಲ್ಲ. ಕಾಕ ಪಂಪು ಇಟ್ಟು ಹಳೆಯ ನೀರನ್ನು ಮತ್ತೆ ಮತ್ತೆ ಖಾಲಿ ಮಾಡಿದ. ಅವಳು ದಿನವೂ ಬೆಳಿಗ್ಗೆ ಒಂದು ಕೊಡ ಸೇದಿ, ಬಾಯಿಗೆ ಹಾಕಿ ಉಗುಳಿ, ನನ್ನ ಕಡೆಗೆ ಕೈಯಾಡಿಸುತ್ತಿದ್ದಳು, ಇನ್ನೂ ಇಲ್ಲ ಎಂದು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಉಗುಳಲಿಲ್ಲ. ಕೊಡವನ್ನು ಅಲ್ಲಿಯೇ ಇಟ್ಟು, ಚೊಂಬನ್ನು ಮಾತ್ರ ಹಿಡಿದು ಕಟ್ಟದ ಮೇಲೆ ನಡೆದುಕೊಂಡು ಬಂದಳು. ನಮ್ಮ ಮೆಟ್ಟಿಲಿನಲ್ಲಿ ಕುಳಿತು ನಾನು ಕುಡಿದೆ. ಸಿಹಿ. ಆ ದಿನ ಅವಳು ಹಾಲು ಹಾಕಿ ಚಹಾ ಮಾಡಿದಳು. ಗೆದ್ದೆ ಎಂದುಕೊಂಡೆ. ಎದುರು ಸಿಕ್ಕವರಿಗೆಲ್ಲ ಬಾವಿಯ ವಿಷಯ ಹೇಳಿದೆ. ಕಾಪು ಪೇಟೆಯಲ್ಲಿ ಹೇಳಿದೆ, ಆದಿ ಉಡುಪಿಯ ಸಂತೆಯಲ್ಲಿ ತರಕಾರಿಯವಳಿಗೂ ಹೇಳಿದೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹೋದಾಗ ಅವಳು ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಳು. ನನ್ನನ್ನು ಕಂಡು ಏಳಲಿಲ್ಲ.

"ಮನೆಗೆ ಜನ ಆಯಿತು ಮಾರಾಯ್ತಿ" ಎಂದಳು.

ನನಗೆ ಅರ್ಥವಾಗಲಿಲ್ಲ. ಯಾವ ಜನ ಎಂದು ಕೇಳಿದೆ.

"ತಗೊಳ್ಳುವವರು. ಮಕ್ಕಳು ಮಾತು ಮುಗಿಸಿದ್ರು. ಮಳೆ ಮೊದಲು ಬಿಟ್ಟುಕೊಡ್ಬೇಕು."

"ನೀರು ಸಿಹಿ ಆಯಿತಲ್ಲ" ಎಂದೆ. ನನ್ನ ಧ್ವನಿ ಏರಿತು. "ಇನ್ನು ಎಂತಕ್ಕೆ ಹೋಗುದು? ನೀರು ಸಿಹಿ ಆಯಿತಲ್ಲ."

ಅವಳು ನನ್ನ ಕೈಯನ್ನು ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅದಕ್ಕೇ ಆದದ್ದು. ಎರಡು ವರ್ಷದಿಂದ ಮನೆ ನೋಡ್ಲಿಕ್ಕೆ ಬಂದವರೆಲ್ಲ ಬಾವಿ ನೀರು ಬಾಯಿಗೆ ಹಾಕಿ ಉಗುಳಿ ಹೋಗ್ತಿದ್ರು. ನಾನು ಮಕ್ಕಳಿಗೆ, ಜನ ಆಗುದಿಲ್ಲ, ನಾನು ಎಂತ ಮಾಡ್ಲಿ ಅಂತಿದ್ದೆ. ಒಳಗೊಳಗೆ ಸಮಾಧಾನ ಇತ್ತು ನನಗೆ. ಈ ಉಪ್ಪು ಇರುವವರೆಗೆ ನಾನು ಇಲ್ಲೇ ಅಂತ. ಮೊನ್ನೆ ಬಂದವರು ಎರಡು ಗ್ಲಾಸು ಕುಡಿದ್ರು."

ಜೀವನವೆಲ್ಲ ಗಂಟಲಿನಿಂದ ಅನ್ನ ಸಂಪಾದಿಸಿದವಳು ನಾನು. ಯಾರನ್ನು ಬೈಯಲಿ? ಮೊದಲೇ ಹೇಳಬಾರದಿತ್ತೇ ಎಂದು ಅವಳನ್ನು ಬೈಯಲೇ? ನಾನು ಅಷ್ಟು ಉತ್ಸಾಹದಲ್ಲಿ ಮಡಲು ಹೊರಿಸುತ್ತಿರುವಾಗ ಅವಳು ಹೇಗೆ ಹೇಳಿಯಾಳು. ಅವಳಿಗೂ ಹಾಲು ಹಾಕಿದ ಚಹಾ ಬೇಕಿತ್ತು. ಅವಳಿಗೂ ನಾನು ನಡೆದುಕೊಂಡು ಬರುವುದು ಬೇಕಿತ್ತು. ನಾನು ಅವಳ ಹೆಗಲಿಗೆ ತಲೆ ಇಟ್ಟು ಅತ್ತೆ. ಅವಳೂ ಅತ್ತಳು. ಹೊರಗೆ ಕಾಕ ಮತ್ತು ನಮ್ಮ ಅಣ್ಣ, ಕಟ್ಟದ ಒಂದು ಕಡೆ ಜಿನುಗುತ್ತಿದೆ, ಅದು ನಿನ್ನ ಕಡೆಯ ತಪ್ಪು, ಅಲ್ಲ ನಿನ್ನ ಕಡೆಯದು ಎಂದು ಬೈದಾಡುತ್ತಿದ್ದರು.

ಅವಳು ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದಳು, ಆಮೇಲೆ ತನ್ನದು.

"ಮುಂದಿನ ವರ್ಷವೂ ಕಟ್ಟ ಕಟ್ಟಿ" ಎಂದಳು. "ಬರುವವರ ಮನೆಯಲ್ಲಿ ಸಣ್ಣ ಮಕ್ಕಳು ಇದ್ದಾರಂತೆ."

ಕಟ್ಟುತ್ತೇವೆ ಎಂದೆ.